ಮಾಸ್ತರನ ಮಿರ್ಚಿಗೆ ತೆರಿಗಿ

ನಮ್ಮ ಕುಕನೂರಾಗ ಎಂಥಾ ಗಂಭೀರ ಮಾತು ಶುರುವಾದ್ರೂ ಕಡೀಕ ಅದು ಮಿರ್ಚಿ ಕಡಾಯಿ ಮುಂದನ ಬಂದು ನಿಂದರತೈತಿ. ಕೊಪ್ಪಳ ಜಿಲ್ಲಾ ಆದ ವರ್ಷ ಆರೋಗ್ಯ ಇಲಾಖೆ ನೌಕರಿ ಮ್ಯಾಲ ಇಲ್ಲಿಗೆ ಬಂದಾವ ನಾನು. ಮಂದೀದು ಬಿ.ಪಿ. ಇಳಸಬೇಕಂತ ಬಂದೆ, ನಂದ ಏರ್ತು.

೧. ಶಿಬಿರ

ಬಸ್ ಸ್ಟ್ಯಾಂಡ್ ಹತ್ರ ಒಂದು ಮಿರ್ಚಿ ಭಜಿ ಅಂಗಡಿ. ನಡಸಾಕಿಗೆ ಊರೆಲ್ಲಾ ಅಕ್ಕ ಅಂತೈತಿ. ಮಂದಿ ಅಲ್ಲೇ ಕೂಡ್ತಾರಂತ ಬಿ.ಪಿ. ನೋಡೋ ಟೇಬಲ್ ಅಲ್ಲೇ ಹಾಕಿದೆ. ನನ್ನ ಶ್ಯಾಣ್ಯಾತನ ನೋಡ್ರಿ! ಪಾಳಿ ಬರೋತನಕ ಸುಮ್ಮನ ಯಾಕ ನಿಂದರೋದಂತ ಎಲ್ಲಾರೂ ಒಂದೊಂದು ಪ್ಲೇಟ್ ಮಂಡಾಳ ಒಗ್ಗರಣಿ, ಮಿರ್ಚಿ ಹೊಡದ್ರು. ಸಂಜೀಕ ಅಕ್ಕ ಕೈ ಒರಸ್ಕೊಂತ ಬಂದ್ಲು.

"ಸಾಹೇಬ್ರ, ದೇವ್ರು ಬಂದಂಗ ಬಂದ್ರಿ. ಹಿಟ್ಟೆಲ್ಲಾ ಖಾಲಿ ಆತು. ನಾಳೆನೂ ಹಾಕ್ರಿ ಟೇಬಲ್!"

೨. ಖಾಲಿ ಡಬ್ಬಿ

ನನ್ನ ಜೀವದ ಗೆಳ್ಯಾ ಒಬ್ಬ ಸಾಲಿ ಮಾಸ್ತರ. ಎದಿಗೆ ಸ್ಟೆಂಟ್ ಹಾಕಿಸ್ಕೊಂಡು ಬಂದಿದ್ದ. ಕರಿದದ್ದು ಮುಟ್ಟಿದ್ರ ಜೀವಕ್ಕ ಅಪಾಯ ಅಂತ ಡಾಕ್ಟರ್ ಕಡ್ಡಿ ಮುರದಂಗ ಹೇಳಿದ್ರು. ಆವಾಗಿಂದ ಅಂವಂದು ಅದೇ ಅಂಗಡಿ ಮುಂದ ಕುಂತು ದಿನಾ ಭಾಷಣ: "ಸಿಗರೇಟಿಗೆ ತೆರಿಗಿ ಹಾಕೋ ಸರಕಾರ ಮಿರ್ಚಿಗೆ ಯಾಕ ಹಾಕಂಗಿಲ್ಲ? ಮಂದಿ ಸಾಯಾಕತ್ತಾರ!"

ಮಾತು ಖರೇನ ಇತ್ತು. ಅವನ ಹೆಂಡ್ತಿ ಅದನ್ನ ಮನ್ಯಾಗ ಜಾರಿ ಮಾಡಿದ್ಲು. ಮಿರ್ಚಿ ಕೊಂಡ್ರ ಅದರ ಎರಡು ಪಟ್ಟು ರೊಕ್ಕ ಡಬ್ಬಿಗೆ ಹಾಕಬೇಕು. ಮೂರು ತಿಂಗಳಾದ್ರೂ ಡಬ್ಬಿ ಖಾಲಿ. ಪಾಪ, ಆ ತಾಯಿ ಭಾಳ ಹಿಗ್ಗಿದ್ಲು. ಅಷ್ಟರಾಗ ಮಾಸ್ತರಗ ಮತ್ತ ಎದಿನೋವು.

ದವಾಖಾನ್ಯಾಗ ನಾ ಸಿಟ್ಟಿಗೆದ್ದು ಕೇಳಿದೆ: "ಲೇ, ಖರೆ ಹೇಳು, ತಿಂದೀಯೇನು?"

"ತಿಂದೀನಿ. ಕೊಂಡಿಲ್ಲ."

ಗುರುಗಳು ರೊಕ್ಕ ಕೊಟ್ಟು ತಿನ್ನಾಕ ನಮ್ಮ ಕಡೆ ಯಾವ ಶಿಷ್ಯ ಬಿಡ್ತಾನ್ರಿ? "ಬರ್ರಿ ಸರ್ರ, ಒಂದ ತಿನ್ರಿ" ಅಂತಾರ. ಒಲ್ಲೆ ಅಂದ್ರ ಮಾರಿ ಸಣ್ಣದು ಮಾಡ್ತಾರ.

೩. ಎರಡು ಪಟ್ಟು

ಅಕ್ಕನೂ ಅವನ ಕೈಯಾಗ ಕಲಿತಾಕಿನ. ನಾ ಹೋಗಿ ಎಲ್ಲಾ ಹೇಳಿದೆ. ಆಕಿ ಗಾಬರಿಯಾಗಿ ಅವತ್ತ ಕಾಯ್ದೆ ಮಾಡಿದ್ಲು: ಮಾಸ್ತರಿಗೆ ತಿನ್ನಿಸಿದಾವ್ರು ಎರಡು ಪಟ್ಟು ಕೊಡಬೇಕು.

ಮಾಸ್ತರ ದವಾಖಾನಿಯಿಂದ ಬಂದದ್ದ ತಡ, ಆತಲ್ಲ ಅನಾಹುತ! ಅದು ಮರ್ಯಾದಿ ಪ್ರಶ್ನೆ ಆತು. "ನಮ್ಮ ಗುರುಗಳಿಗೆ ಎರಡು ಪಟ್ಟು ಕೊಟ್ಟು ತಿನ್ನಿಸೀನಿ" ಅಂತ ಒಬ್ಬ ಮೀಸಿ ತಿರುವಿದ.

ಇನ್ನೊಬ್ಬ ಓಡಿ ಬಂದ: "ನಂದು ನಾಕು ಪಟ್ಟು ಹಿಡಿ!"

೪. ಎರಡನೇ ಕಲ್ಲು

ಅಕ್ಕ ಕಾಯ್ದೆ ತಿದ್ದಿದ್ಲು. ತಿನ್ನಿಸಿದಾವ್ರು ಮಾಸ್ತರ ಜೋಡಿ ತಳಕಲ್ ರಸ್ತೆದಾಗ ಎರಡನೇ ಕಿಲೋಮೀಟರ್ ಕಲ್ಲಿನ ತನಕ ನಡದು ಹೋಗಿ, ನಡದ ಬರಬೇಕು. ರೊಕ್ಕ ನಡಿಯಂಗಿಲ್ಲ.

ಒಂದ ವಾರ! ಮಾಸ್ತರ ಬಂದಾ ಅಂದ್ರ ಶಿಷ್ಯರೆಲ್ಲಾ ಮಾಯ. ಒಂದಿನ ಅಂವ ತಾನ ಕಿಸೆಯಿಂದ ನೋಟು ತಗದು ಅಕ್ಕನ ಮುಂದ ಹಿಡದ. ನಾ ಬಾಜೂಕ ಕುಂತಿದ್ದೆ.

"ನಿಮಗ ಮಾರಂಗಿಲ್ರಿ ಸರ್ರ."

"ವ್ಯಾಪಾರ ಬ್ಯಾಡೇನವಾ?"

"ನಿಮ್ಮ ಸಲುವಾಗಿ ದಿನಾ ಹತ್ತು ಪ್ಲೇಟ್ ಕಡಿಮಿ ಆಗ್ಯಾವ್ರಿ. ನಿಮ್ಮ ತೆರಿಗಿ ನಾನ ಕಟ್ಟಾಕತ್ತೀನಿ. ಕಟ್ತೀನಿ ಬಿಡ್ರಿ, ನೀವು ಇದ್ರ ಸಾಕು."

ಆಕಿ ಕಣ್ಣು ತುಂಬಿದ್ವು. ಮಾಸ್ತರ ನೋಟು ಮಡಚಿ ಕಿಸೆದಾಗ ಇಟ್ಕೊಂಡ. ಆಮ್ಯಾಲ ಮೆಲ್ಲಕ ಕುರ್ಚಿ ಕಡಾಯಿ ಸನೇಕ ಎಳಕೊಂಡ.

"ವಾಸನಿಗೆ ತೆರಿಗಿ ಇಲ್ಲಲ್ಲವಾ?"

"ಐತ್ರಿ," ಅಂದು ಅಕ್ಕ ಮಿರ್ಚಿ ತಗಿಯೋ ಝಾರಿ ಎತ್ತಿ ತಳಕಲ್ ರಸ್ತೆ ತೋರಿಸಿದ್ಲು.

ಅಂವ ಎದ್ದು ಚಪ್ಪಲಿ ಮೆಟ್ಟಿದ. ನಾ ನಗಾಕತ್ತಿದ್ದೆ. ಅಕ್ಕ ನನ್ನ ಕಡೆ ತಿರುಗಿದ್ಲು.

"ಸಾಹೇಬ್ರ, ನೀವೂ ಹೊಂಡ್ರಿ. ಕೈಯಾಗಿನ ಅರ್ಧ ಮಿರ್ಚಿ ಇಲ್ಲೇ ಇಟ್ಟು ಹೋಗ್ರಿ."