ಕೋಟಿನ ಮೇಲಿನ ಕಾಳು

“ಪ್ರಾಣ ಬೇಕಾದ್ರ ಬಿಟ್ಟೇನು, ಸೆವೆನ್ ಮಾತ್ರ ಬಿಡಂಗಿಲ್ಲ!”

ಹೊಸಪೇಟೆಯ ಗಂಗಾ ಫೋಟೋ ಸ್ಟುಡಿಯೋದ ಮಾಲೀಕ ನಾಗಭೂಷಣ ಹೀಗೆ ಘೋಷಿಸಿದಾಗ ಅವನ ಬಲಗೈ ಮೌಸಿನ ಮೇಲಿತ್ತು, ಎಡಗೈ ಎದೆಯ ಮೇಲಿತ್ತು. ಸೆವೆನ್ ಎಂದರೆ ಫೋಟೋ ತಿದ್ದುವ ಸಾಫ್ಟ್‌ವೇರಿನ ಏಳನೆಯ ಆವೃತ್ತಿ. ಅದನ್ನು ಅವನು ಹಾಕಿಸಿಕೊಂಡ ವರ್ಷ ಹುಟ್ಟಿದ ಮಕ್ಕಳು ಈಗ ಅವನಲ್ಲಿಗೇ ಬಂದು ಮದುವೆ ಫೋಟೋ ತೆಗೆಸುತ್ತಿದ್ದರು! ಕಂಪ್ಯೂಟರಿಗೂ ಅದೇ ವಯಸ್ಸು. ಅದರ ಡಬ್ಬಿ ಮಾನಿಟರು ಹಿಂದಕ್ಕೆ ಒಂದು ಮೊಳ ಚಾಚಿಕೊಂಡಿತ್ತು. ಮುಂದೆ ಹಳದಿಯೊಂದನ್ನು ಬಿಟ್ಟು ಉಳಿದ ಬಣ್ಣಗಳನ್ನೆಲ್ಲ ತೋರಿಸುತ್ತಿತ್ತು. ಅರಿಶಿನ ಹಚ್ಚಿಕೊಂಡ ಮದುಮಕ್ಕಳು ಅದರಲ್ಲಿ ಬೂದಿ ಬಳಿದುಕೊಂಡ ಸಾಧುಗಳಂತೆ ಕಾಣುತ್ತಿದ್ದರು. ಪ್ರಿಂಟು ಸರಿಯಾಗಿ ಬರುತ್ತದಲ್ಲ, ಸಾಕು ಎಂಬುದು ಅವನ ವಾದ.

“ಮಾವ, ಹೊಸ ವರ್ಷನ್ ಹಾಕಿಸಿ ಕೊಡ್ತೀನಿ. ಎಲ್ಲಾ ಅದಾ ಮಾಡ್ತೈತಿ” ಎಂದ ಮಲ್ಲೇಶ. ಅವನು ನಾಗಭೂಷಣನ ಹೆಂಡತಿ ಗಂಗಾಂಬಿಕಾಳ ತಮ್ಮ. ಪಕ್ಕದ ಬೀದಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು.

“ಎಲ್ಲಾ ಅದಾ ಮಾಡಿದ್ರ ನಾನು ಯಾಕಲೇ? ಕುರ್ಚಿ ಒರೆಸಾಕ?”

“ಕುರ್ಚಿನಾದ್ರೂ ಒರೆಸ್ರಿ, ಅದಕ್ಕೂ ಧೂಳು ಕುಂತೈತಿ” ಎಂದು ಗಂಗಾಂಬಿಕಾ ಒಳಗಿನಿಂದಲೇ ಸೇರಿಸಿದಳು. ಸ್ಟುಡಿಯೋದ ಹಿಂದೆಯೇ ಮನೆ. ಯಾವ ಮಾತೂ ವ್ಯರ್ಥವಾಗುತ್ತಿರಲಿಲ್ಲ.

ನಾಗಭೂಷಣನ ಕೀರ್ತಿ ನಿಂತಿದ್ದು ಒಂದು ಕೋಟಿನ ಮೇಲೆ. ಮೊದಲು ಸ್ಟುಡಿಯೋದ ಮೊಳೆಯಲ್ಲಿ ನಿಜವಾದ ಕೋಟೊಂದು ನೇತಾಡುತ್ತಿತ್ತು. ಸಂಡೂರು, ಕಂಪ್ಲಿ, ಮಲಪನಗುಡಿಯಿಂದ ಬಂದ ಗಂಡುಗಳೆಲ್ಲ ಅದನ್ನೇ ತೊಟ್ಟು, ಹೆಣ್ಣಿನ ಕಡೆಯವರಿಗೆ ಕೊಡುವ ಫೋಟೋ ತೆಗೆಸಿಕೊಂಡು, ತಮ್ಮ ಬೆವರನ್ನು ಅದಕ್ಕೇ ಬಿಟ್ಟು ಹೋಗುತ್ತಿದ್ದರು. ಅದು ಕಂಕುಳಲ್ಲಿ ಹರಿದ ದಿನ ಅವನಿಗೆ ಜ್ಞಾನೋದಯವಾಯಿತು. ತನ್ನದೇ ಆರತಕ್ಷತೆಯ ಫೋಟೋ ತೆಗೆದುಕೊಂಡು, ಕುತ್ತಿಗೆಯಿಂದ ಮೇಲೆ ತನ್ನನ್ನು ತಾನೇ ಅಳಿಸಿ, ನೀಲಿ ಕೋಟು, ಕೆಂಪು ಟೈ, ಅಗಲವಾದ ಭುಜಗಳ ಮುಂಡವೊಂದನ್ನು ಸೆವೆನ್‌ನಲ್ಲಿ ಕಾದಿಟ್ಟ. ಅಂದಿನಿಂದ ಬಂದವರ ತಲೆಯನ್ನು ಅದಕ್ಕೆ ಕೂಡಿಸುವುದು, ಅಷ್ಟೇ! ಮುಖವನ್ನು ಮಾತ್ರ ಎಂದೂ ತಿದ್ದುತ್ತಿರಲಿಲ್ಲ. “ಮುಖ ದೇವರದು, ಕೋಟು ಸ್ಟುಡಿಯೋದು” ಎಂಬುದು ಅವನ ನೇಮ.

ಮಲ್ಲೇಶನಿಗೆ ಮೂವತ್ತೆರಡು ತುಂಬಿತ್ತು. ಆರು ಕಡೆ ಹೆಣ್ಣಿನವರು ಬೇಡವೆಂದಿದ್ದರು. ಏಳನೆಯ ಸಲ ಅವನ ತಲೆಯೂ ಆ ಕೋಟನ್ನೇರಿ ಕಂಪ್ಲಿಗೆ ಹೋಯಿತು. ಅಲ್ಲಿ ಅಕ್ಕಿ ಗಿರಣಿಯವರ ಮನೆಯಲ್ಲಿ ತುಳಸಿ ಎಂಬ ಹುಡುಗಿ, ಅವಳ ಮೇಲೆ ಎರ್ರಮ್ಮ ಎಂಬ ಅಜ್ಜಿ. ಮೂರನೆಯ ದಿನವೇ ಉತ್ತರ ಬಂತು: “ಹುಡುಗ ಭುಜದಾಗ ಚಲೋ ಅದಾನ. ಮುಂದುವರೀಬಹುದು.”

ಗಂಗಾಂಬಿಕಾ ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಗಂಡನಿಗೆ ಕೇಳದೆಯೇ ಎರಡನೇ ಕಪ್ ಚಹಾ ಕೊಟ್ಟಳು.

ಐದನೆಯ ದಿನ ಎರ್ರಮ್ಮನ ಫೋನು.

“ಯವ್ವಾ ಗಂಗಾಂಬಿಕಾ, ನಿನ್ನ ತಮ್ಮಗ ಮೊದಲ ಒಂದು ಲಗ್ನ ಆಗೇತೇನು?”

ಗಂಗಾಂಬಿಕಾಳ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. “ಇಲ್ರೀ! ಯಾರು ಹೇಳಿದ್ರು?”

“ನಿಮ್ಮ ಫೋಟೋನ ಹೇಳತೈತಿ. ಎಡಗಡಿ ಭುಜದ ಮ್ಯಾಲೆ ಅಕ್ಷತಿ ಕಾಳು ಕುಂತೈತಿ ನೋಡು. ಲಗ್ನ ಆಗದ ಹುಡುಗಗ ಅಕ್ಷತಿ ಹಾಕಿದವರು ಯಾರು?”

ಫೋನು ಕಟ್ಟಾಯಿತು. ಗಂಡ ಹೆಂಡತಿ ಇಬ್ಬರೂ ಮೊಬೈಲಿನಲ್ಲಿ ಮಲ್ಲೇಶನ ಫೋಟೋ ಹಿಗ್ಗಿಸಿದರು. ಹೌದು! ನೀಲಿ ಕೋಟಿನ ಮೇಲೆ, ಟೈಯಿಂದ ಒಂದು ಗೇಣು ಆಚೆ, ಹಳದಿಯ ಒಂದೇ ಒಂದು ಅಕ್ಕಿ ಕಾಳು. ಇಪ್ಪತ್ತು ವರ್ಷ ಅದು ಅಲ್ಲೇ ಕೂತಿತ್ತು. ಹಳದಿ ತೋರದ ಮಾನಿಟರು ಅದನ್ನು ಒಮ್ಮೆಯೂ ತೋರಿಸಿರಲಿಲ್ಲ. ಪಾಸ್‌ಪೋರ್ಟ್ ಸೈಜಿನ ಪ್ರಿಂಟಿನಲ್ಲಿ ಯಾರಿಗೂ ಕಂಡಿರಲಿಲ್ಲ. ಐವತ್ತು ವರ್ಷ ಗಿರಣಿಯ ಅಕ್ಕಿಯಲ್ಲಿ ಕಲ್ಲು ಆರಿಸಿದ ಎರ್ರಮ್ಮನ ಕಣ್ಣು ಇದುವರೆಗೆ ಅದರ ಮೇಲೆ ಬಿದ್ದಿರಲಿಲ್ಲ ಅಷ್ಟೇ!

“ರೀ, ಇದು ನಮ್ಮ ಲಗ್ನದ ಅಕ್ಷತಿ!” ಎಂದಳು ಗಂಗಾಂಬಿಕಾ. “ಖರೇ ಹೇಳಿಬಿಡ್ರಿ.”

“ಏನಂತ ಹೇಳ್ಲಿ? ಭುಜ ಮೆಚ್ಚಿ ಹೂಂ ಅಂದಾರ. ಆ ಭುಜ ನಿನ್ನ ತಮ್ಮಂದಲ್ಲ, ನಂದು ಅಂತ ಹೇಳ್ಲಾ? ಧೂಳು ಕುಂತಿತ್ತು ಅನ್ನೋಣ. ಎರಡು ನಿಮಿಷದಾಗ ಅಳಿಸಿ ಬ್ಯಾರೆ ಫೋಟೋ ಕಳಿಸ್ತೀನಿ. ಸೆವೆನ್‌ನ ಶಕ್ತಿ ನೋಡು ಈಗ!”

ಅವನು ಕೋಟಿನ ಫೈಲು ತೆರೆದ. ಸೆವೆನ್‌ನಲ್ಲಿ ಸ್ಟ್ಯಾಂಪು ಎಂಬುದೊಂದು ಅಸ್ತ್ರವಿದೆ. ಒಂದು ಕಡೆಯ ಬಟ್ಟೆಯನ್ನು ಗುರುತು ಮಾಡಿಕೊಂಡು ಇನ್ನೊಂದು ಕಡೆ ಒತ್ತಿದರೆ, ಅಲ್ಲಿದ್ದದ್ದು ಇಲ್ಲಿ ಬಂದು ಕೂತು ಕಲೆ ಮುಚ್ಚುತ್ತದೆ. ಕಷ್ಟವೇನೂ ಇಲ್ಲ. ಆದರೆ ಕಾಳೇ ಕಾಣದ ಮಾನಿಟರಿನಲ್ಲಿ ಅಂದಾಜಿನ ಮೇಲೆ ಒತ್ತಬೇಕು! ನಾಗಭೂಷಣ ಉಸಿರು ಬಿಗಿಹಿಡಿದು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯನಂತೆ ‘ಸ್ವಚ್ಛ’ ಜಾಗವೊಂದನ್ನು ಗುರುತು ಮಾಡಿಕೊಂಡ. ಆಮೇಲೆ ಯಾವುದಕ್ಕೂ ಇರಲೆಂದು ಭುಜದ ಉದ್ದಕ್ಕೂ ಆರು ಸಲ ಒತ್ತಿದ. ಉಳಿಸಿದ. ಮಲ್ಲೇಶನ ತಲೆ ಕೂಡಿಸಿದ. ಹೆಂಡತಿಗೂ ತೋರಿಸದೆ ಕಂಪ್ಲಿಗೆ ಕಳಿಸಿದ. ಮೀಸೆಯ ಮೇಲೆ ಕೈ ಹಾಕಿದ.

ಮೀಸೆಯಿಂದ ಕೈ ತೆಗೆಯುವುದರೊಳಗೆ ಫೋನು ಬಂತು.

“ತಮ್ಮಾ ನಾಗಭೂಷಣ, ಬೆಳಿಗ್ಗಿ ಒಂದು ಕಾಳು ಇತ್ತು. ಈಗ ಏಳು ಅದಾವ. ನಡುವ ಇನ್ನೊಂದು ಲಗ್ನ ಆತೇನು?”

ನಾಗಭೂಷಣ ಮೊಬೈಲಿನಲ್ಲಿ ಆ ಫೋಟೋ ಹಿಗ್ಗಿಸಿದ. ಅವನು ಗುರುತು ಮಾಡಿಕೊಂಡ ‘ಸ್ವಚ್ಛ’ ಜಾಗ ಸರಿಯಾಗಿ ಆ ಕಾಳಿನದ್ದೇ ಆಗಿತ್ತು!

“ಐತವಾರ ಬರ್ತೀವಿ” ಎಂದಳು ಎರ್ರಮ್ಮ. “ಹುಡುಗಿನೂ ಬರ್ತಾಳ. ಆಕಿ ಬರೋದು ಪದ್ಧತಿ ಅಲ್ಲ, ಗೊತ್ತೈತಿ. ಆದ್ರ ನಿಮ್ಮ ಕಡಿ ಖರೇ ಯಾವುದು ಅಂತ ಆಕಿನೂ ನೋಡ್ಲಿ.”

ಗಂಗಾಂಬಿಕಾ ಆ ಐದು ದಿನ ಗಂಡನೊಂದಿಗೆ ಆಡಿದ್ದು ಒಂದೇ ಮಾತು: “ನನ್ನ ತಮ್ಮನ ಲಗ್ನ ಮುರಿದ್ರ, ಆ ಡಬ್ಬಿ ಕಾಲುವೆಯಾಗ ಇರ್ತೈತಿ. ನೀವು ಅದರ ಬಾಜು.”

ಭಾನುವಾರ ಎರ್ರಮ್ಮ, ತುಳಸಿ ಇಬ್ಬರೂ ಬಂದು ಕೂತರು. ಒಗ್ಗರಣೆ ಮಂಡಕ್ಕಿ, ಮಿರ್ಚಿಯ ತಟ್ಟೆ ಹಿಡಿದು ಮಲ್ಲೇಶ ಹೊರಬಂದ. ಅವನ ಅಂಗಿ ಗೂಟಕ್ಕೆ ತೂಗುಹಾಕಿದಂತಿತ್ತು. ಎರ್ರಮ್ಮ ಅವನ ಭುಜ ಹುಡುಕಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಸಿಗಲಿಲ್ಲ. ಚೀಲದಿಂದ ನಾಲ್ಕು ಫೋಟೋ ತೆಗೆದು ಟೀಪಾಯಿಯ ಮೇಲೆ ಸಾಲಾಗಿ ಜೋಡಿಸಿದಳು.

ಮೊದಲನೆಯದು ಮಲ್ಲೇಶ. ಉಳಿದವರು ಬಂಡ್ರಿಯ ಹುಲಿಗೇಶ್, ಸಂಡೂರಿನ ಯಲ್ಲೇಶ್, ಕಂಪ್ಲಿಯವನೇ ಒಬ್ಬ ಮೇಷ್ಟ್ರು. ತಲೆ ನಾಲ್ಕು. ಕೋಟು ಒಂದೇ! ಕಾಳೂ ಒಂದೇ!

“ನಮ್ಮೂರ ಮನಿಗೋಳಿಗೆ ಬಂದ ಹಳೇ ಸಂಬಂಧದ ಫೋಟೋ ಎಲ್ಲಾ ತೆಗಿಸಿ ನೋಡಿದೆ” ಎಂದಳು ಎರ್ರಮ್ಮ. “ನಾಲ್ಕೂ ಸೋನಾ ಮಸೂರಿ. ನಾಲ್ಕೂ ತುದಿ ಮುರಿದ ನುಚ್ಚು. ಅಕ್ಷತಿಗೆ ಇಡೀ ಕಾಳು ಹಾಕ್ತಾರಪ್ಪ! ನುಚ್ಚು ಹಾಕಿದ ದರಿದ್ರ ಲಗ್ನ ಯಾರದು?”

“ನಮ್ಮದ್ರೀ” ಎಂದಳು ಗಂಗಾಂಬಿಕಾ ತಣ್ಣಗೆ. “ಅಕ್ಕಿ ಇವರ ಕಡಿಯವರು ತಂದಿದ್ರು.”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಾಗಭೂಷಣ ತಲೆ ತಗ್ಗಿಸಿ ಮೊಳೆಯ ಕೋಟಿನಿಂದ ಹಿಡಿದು ಸ್ಟ್ಯಾಂಪಿನವರೆಗೆ ಎಲ್ಲವನ್ನೂ ಒಪ್ಪಿಕೊಂಡ. ಎರ್ರಮ್ಮ ಫೋಟೋದ ಭುಜ ನೋಡಿದಳು. ಆಮೇಲೆ ಅವನ ಈಗಿನ ಹೊಟ್ಟೆ ನೋಡಿದಳು.

“ಆ ಭುಜ ಎಲ್ಲಿ ಹೋದ್ವು ತಮ್ಮಾ?”

“ಕೆಳಗ ಇಳದಾವ್ರೀ” ಎಂದಳು ಗಂಗಾಂಬಿಕಾ. ಅಷ್ಟರಲ್ಲಿ ಅವಳ ಕಣ್ಣು ಆ ನಾಲ್ಕು ಫೋಟೋಗಳ ಮೇಲೆ ನಿಂತಿತು. ಮುಖ ನಿಧಾನವಾಗಿ ಕೆಂಪಾಯಿತು. “ಅಯ್ಯಯ್ಯೋ ಶಿವನೇ! ಇಪ್ಪತ್ತು ವರ್ಷದಿಂದ ನನ್ನ ಗಂಡ ಮೂರು ತಾಲೂಕಿನ ಹುಡುಗ್ಯಾರ ಮನಿಗೆ ವರ ಆಗಿ ಹೋಗ್ಯಾನಲ್ಲ!”

“ತಲಿ ನಂದಲ್ಲೇ ಗಂಗಾ...”

“ತಲಿ ನಿಮಗ ಮೊದಲಿಂದಾನೂ ಇಲ್ಲ ಬಿಡ್ರಿ!”

ಫಕ್ಕನೆ ನಕ್ಕವಳು ತುಳಸಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ. ಮಲ್ಲೇಶ ಇನ್ನೂ ತಟ್ಟೆ ಹಿಡಿದೇ ನಿಂತಿದ್ದ. ಅವನ ಎರಡೂ ಕಿವಿ ಮಿರ್ಚಿಗಿಂತ ಕೆಂಪಾಗಿದ್ದವು.

“ಅಜ್ಜಿ, ನಾನು ಭುಜ ನೋಡಿದ್ದಿಲ್ಲ” ಎಂದಳು ತುಳಸಿ. “ಕಿವಿ ನೋಡಿದ್ದೆ. ಇಷ್ಟು ದೊಡ್ಡ ಕಿವಿನ ಫೋಟೋದಾಗೂ ಹಂಗ ಬಿಟ್ಟಾರಂದ್ರ, ಮುಖ ಖರೇದು ಅಂತ ತಿಳ್ಕೊಂಡೆ. ನೋಡು, ಖರೇನ ಐತಿ.”

ಮಲ್ಲೇಶನ ಕೈಯಿಂದ ತಟ್ಟೆ ಬಿತ್ತು. ಮಂಡಕ್ಕಿ ಎರ್ರಮ್ಮನ ಭುಜದ ಮೇಲೆಲ್ಲ ಉದುರಿತು.

“ಆತು ಬಿಡು” ಎಂದಳು ಎರ್ರಮ್ಮ ಒಂದೊಂದೇ ಕಾಳು ಆರಿಸಿ ತೆಗೆಯುತ್ತ. “ಮಂದಿ ನನಗೂ ಇನ್ನೊಂದು ಲಗ್ನ ಆತು ಅನ್ನೋದ್ರೊಳಗ ಒಪ್ಪಿಬಿಡ್ತೀನಿ. ಆದ್ರ ಒಂದು ಮಾತು. ಲಗ್ನದ ಫೋಟೋಕ್ಕ ಬ್ಯಾರೆಯವರು ಬರ್ತಾರ, ಹೊಸ ಸಾಫ್ಟ್‌ವೇರ್ ಇದ್ದವರು. ನಾಗಭೂಷಣ ಬೀಗ ಆಗಿ ಊಟಕ್ಕ ಬರ್ಲಿ. ಕ್ಯಾಮೆರಾ ಮನ್ಯಾಗ ಇಟ್ಟು ಬರ್ಲಿ.”

ಹಾಗೆಯೇ ಆಯಿತು. ಕಂಪ್ಲಿಯ ಮದುವೆಯಲ್ಲಿ ಇಪ್ಪತ್ತೈದರ ಹುಡುಗನೊಬ್ಬ ಎರಡು ಕ್ಯಾಮೆರಾ ತೂಗುಹಾಕಿಕೊಂಡು ಓಡಾಡಿದ. ನಾಗಭೂಷಣ ಬರಿಗೈಯಲ್ಲಿ ಕೂತು ನಾಲ್ಕು ಹೋಳಿಗೆ ತಿಂದ. ನಾಲ್ಕೂ ಅವನಿಗೆ ಸಪ್ಪೆಯಾಗಿ ಕಂಡವು.

ತಿಂಗಳ ಮೇಲೆ ಒಂದು ಮಧ್ಯಾಹ್ನ ಎರ್ರಮ್ಮ ಆಲ್ಬಮ್ ಅಪ್ಪಿಕೊಂಡು ಸ್ಟುಡಿಯೋಕ್ಕೇ ಬಂದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ನೋಡು ತಮ್ಮಾ, ಇದೇನು ಅನ್ಯಾಯ!”

ನಾಗಭೂಷಣ ನೋಡಿದ. ಮಾಂಗಲ್ಯ ಕಟ್ಟುವ ಫೋಟೋ. ಸುತ್ತಲೂ ಜನರ ಕೈಗಳು ಮೇಲೆದ್ದಿವೆ. ಆದರೆ ಗಾಳಿಯಲ್ಲಿ ಒಂದು ಕಾಳಿಲ್ಲ! ತುಳಸಿಯ ತಲೆಯ ಮೇಲಿಲ್ಲ, ಮಲ್ಲೇಶನ ಭುಜದ ಮೇಲಿಲ್ಲ! ಹೊಸ ಸಾಫ್ಟ್‌ವೇರು ಅಕ್ಷತೆಯನ್ನೆಲ್ಲ ಧೂಳೆಂದು ತಿಳಿದು ತಾನೇ ಗುಡಿಸಿ ಹಾಕಿತ್ತು.

“ಮಂದಿ ಕೇಳಿದ್ರ ಏನು ಹೇಳ್ಲಿ? ಲಗ್ನ ಆಗೇತೋ ಇಲ್ಲೋ? ಕಾಳು ಹಾಕೋದ್ರಾಗ ನೀನು ಹುಷಾರ್ ಅದಿ. ಹಾಕಿ ಕೊಡು.”

ನಾಗಭೂಷಣನ ಎದೆ ಒಂದು ಗೇಣು ಉಬ್ಬಿತು. ಇಪ್ಪತ್ತು ವರ್ಷದ ಮೇಲೆ ಜಗತ್ತು ಸೆವೆನ್‌ನ ಕಾಲಿಗೆ ಬಂದಿತ್ತು! “ಗಂಗಾ, ಕೇಳಿಸ್ತೇನು?” ಎಂದು ಕೂಗಿ, ಹಳೆಯ ಕೋಟಿನ ಫೈಲಿನತ್ತ ಮೌಸು ಒಯ್ದ. ಎರ್ರಮ್ಮ ಅವನ ಕೈ ಹಿಡಿದಳು. ಸೊಂಟದ ಸಂಚಿಯಿಂದ ಅರಿಶಿನ ಹಚ್ಚಿದ ಒಂದು ಚಿಟಿಕೆ ಅಕ್ಕಿ ತೆಗೆದು ಮೇಜಿನ ಮೇಲಿಟ್ಟಳು.

“ಇದರ ಫೋಟೋ ತಗೊಂಡು ಹಾಕು. ಎಲ್ಲಾ ಇಡೀ ಕಾಳು. ನಿಮ್ಮ ನುಚ್ಚು ನನ್ನ ಮೊಮ್ಮಗಳ ತಲಿ ಮ್ಯಾಲೆ ಬ್ಯಾಡ.”

ಉಬ್ಬಿದ ಎದೆ ಅರ್ಧ ಇಳಿಯಿತು. ಉಳಿದರ್ಧವನ್ನು ಗಂಗಾಂಬಿಕಾ ಒಳಗಿನಿಂದಲೇ ಇಳಿಸಿದಳು:

“ಎರ್ರಮ್ಮಾರೇ, ಮುಗಿಯೋತನಕ ಅಲ್ಲೇ ಬಾಜು ಕುಂದ್ರಿ. ಕಣ್ಣು ತೆಗೆದ್ರ ಕಾಳಿನ ಜೋಡಿ ಭುಜಾನೂ ಹಾಕಿಬಿಟ್ಟಾರು!”