ಗೋಡೆಗೊಂದು ಚಾರ್ಜರ್, ಮದುವೆಗೊಂದು ಕಾರು

ವಿದ್ಯುತ್ ಕಾರು ಕೊಳ್ಳುವುದು ಸುಲಭ. ಅದಕ್ಕೆ ಮನೆಯಲ್ಲಿ ಯಾವ ಚಾರ್ಜರ್ ಹಾಕಿಸಬೇಕೆಂದು ತೀರ್ಮಾನಿಸಲು ಮಾತ್ರ ಬುದ್ಧಿ ಬೇಕು. ಆ ಬುದ್ಧಿ ನನ್ನಲ್ಲಿ ಬೇಕಾದಷ್ಟಿದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು.

ನಾನು ಹರವೆಯಲ್ಲಿ ಕನ್ನಡ ಟೀಚರು. ಮನೆ ಚಾಮರಾಜನಗರದಲ್ಲಿ. ಬಸ್ಸಿನಲ್ಲಿ ನೇತಾಡಿ ಸಾಕಾಗಿ ಒಂದು ಚಿಕ್ಕ ವಿದ್ಯುತ್ ಕಾರು ತೆಗೆದುಕೊಂಡೆ. ಅದರ ಜೊತೆಯಲ್ಲೇ, ದಪ್ಪ ಪಿನ್ನಿನ ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸುವ ವೈರೂ ಬಂದಿತ್ತು. ಅದರಲ್ಲಿ ಚಾರ್ಜ್ ಆಗುವುದು ನಿಧಾನ. ಬೇಗ ಆಗಬೇಕೆಂದರೆ ಗೋಡೆಗೆ ಕೂರಿಸುವ ದೊಡ್ಡ ಚಾರ್ಜರ್ ಬೇಕು. ನಮ್ಮ ಯಜಮಾನರು ಅರಿಶಿನದ ವ್ಯಾಪಾರಿ, ಯಾವುದಕ್ಕೂ ಅವಸರ ಪಡುವವರಲ್ಲ.

"ಹರವೆಗೆ ಓಗಿ ಬರಾಕೆ ಅಷ್ಟು ದೊಡ್ಡದು ಯಾಕಮ್ಮಿ? ಗ್ವಾಡೆಗೆ ಒಂದು ಗಟ್ಟಿ ಪ್ಲಗ್ಗು ಹಾಕ್ಸುದ್ರೆ ಸಾಕು ಬುಡು" ಎಂದರು.

ಅವರಿಗೆ ಅರಿಶಿನ ಗೊತ್ತು, ಆಂಪಿಯರ್ ಗೊತ್ತಿಲ್ಲ ಎಂದುಕೊಂಡೆ. ನಾನಾದರೋ ಈ ವಿಷಯದ ವಿಡಿಯೋಗಳನ್ನೆಲ್ಲ ನೋಡಿ ಮುಗಿಸಿದ್ದೆ. ದೊಡ್ಡದಕ್ಕೇ ಹೇಳಿ ಕಳಿಸಿದೆ. ಅಂಗಡಿಯಾತ ಫೋನಿನಲ್ಲಿ ಮನೆಯ ಲೋಡ್ ಎಷ್ಟು ಎಂದು ಕೇಳಿದ. ನಾವಿಬ್ಬರು, ಅತ್ತೆ ಒಬ್ಬರು, ಮೂರೇ ಜನ, ಏನೂ ಭಾರವಿಲ್ಲ ಎಂದೆ. ಆಯಿತು ಮೇಡಂ, ಆಯಿತು ಎಂದು ಆತ ಫೋನಿಟ್ಟ. ನನ್ನ ಉತ್ತರಕ್ಕೆ ಬೆರಗಾಗಿದ್ದಾನೆ ಎಂದು ತಿಳಿದೆ.

ಚಾರ್ಜರ್ ಬಂತು. ಇಂಥ ವಸ್ತು ರಸ್ತೆಯವರಿಗೆ ಕಾಣದಿದ್ದರೆ ಏನು ಪ್ರಯೋಜನ? ಗೇಟಿನ ಪಕ್ಕದ ಬಲಗಡೆ ಗೋಡೆಗೇ ಹಾಕಿಸಿದೆ. ಹಾಕಿ ಹೋದ ಮೇಲೆ ತಿಳಿಯಿತು, ಕಾರಿನ ಚಾರ್ಜಿಂಗ್ ಬಾಯಿ ಮುಂದುಗಡೆ ಎಡಕ್ಕಿದೆ. ಕಾರನ್ನು ಪೂರ್ತಿ ಒಳಗೆ ನಿಲ್ಲಿಸಿದರೆ ಕೇಬಲ್ ಎಟುಕುವುದಿಲ್ಲ. ಹಿಮ್ಮುಖವಾಗಿ ಒಳಗೆ ತರೋಣವೆಂದರೆ ರಿವರ್ಸ್ ಎಂಬ ವಿದ್ಯೆ ನನಗೆ ಇನ್ನೂ ಒಲಿದಿರಲಿಲ್ಲ. ಕೊನೆಗೆ ಕಾರಿನ ಮೂತಿ ನಮ್ಮ ಗೇಟಿನೊಳಗೆ, ಹಿಂಭಾಗ ಓರೆಯಾಗಿ ಪಕ್ಕದ ಮನೆಯ ಜುಬೇದಾ ಆಪಾ ಅವರ ಗೇಟಿಗೆ ಅಡ್ಡ. ಹೀಗೆ ನಿಲ್ಲಿಸಿದರೆ ಮಾತ್ರ ಚಾರ್ಜ್.

ಚಾರ್ಜರ್ ಹಚ್ಚಿದ ಮೊದಲ ದಿನವೇ ಇನ್ನೊಂದು ಸತ್ಯ ಹೊರಬಿತ್ತು. ಕಾರು ಚಾರ್ಜಾಗುವಾಗ ಗ್ರೈಂಡರ್ ಹಾಕಿದರೆ ಇಡೀ ಮನೆಯ ಕರೆಂಟ್ ಟ್ರಿಪ್! ಗೀಸರ್ ಹಾಕಿದರೂ ಟ್ರಿಪ್. ಅಂಗಡಿಯಾತ ಕೇಳಿದ ಲೋಡ್ ಯಾವುದೆಂದು ಆಗ ಅರ್ಥವಾಯಿತು. ನಮ್ಮ ಮೀಟರಿನ ಲೋಡ್ ಹೆಚ್ಚಿಸಿಕೊಳ್ಳಬೇಕಿತ್ತು. ಅದು ಆಗುವವರೆಗೆ ನಾನೊಂದು ಶಾಸನ ಹೊರಡಿಸಿದೆ: ಕಾರು ಚಾರ್ಜಿನಲ್ಲಿರುವಾಗ ರುಬ್ಬುವಂತಿಲ್ಲ, ನೀರು ಕಾಯಿಸುವಂತಿಲ್ಲ.

"ಇದು ಉಂಡು ಏಳೋಗಂಟ ನಾವು ಉಪಾಸ ಕುಂತಿರಬೇಕಾ?" ಎಂದು ಅತ್ತೆ ಕೇಳಿದರು. ನಾನು ಕೇಳಿಸದವಳಂತೆ ಒಳಗೆ ಹೋದೆ.

ಜುಬೇದಾ ಆಪಾ ಹಾಗೆ ಒಂದು ಮಾತೂ ಆಡಲಿಲ್ಲ. ಬ್ಲೌಸ್ ಹೊಲಿಸಲು ಬರುವ ಹೆಂಗಸರು ನನ್ನ ಕಾರಿನ ಹಿಂದೆ ಹೊಟ್ಟೆ ಎಳೆದುಕೊಂಡು ಅವರ ಮನೆಯೊಳಗೆ ನುಸುಳಬೇಕಾಗಿತ್ತು. ಅದನ್ನು ನೋಡಿ ನನಗೇ ಸಂಕೋಚ. ಅವರ ಮಗಳು ಸಲ್ಮಾಳ ಮದುವೆ ಗುಂಡ್ಲುಪೇಟೆಯಲ್ಲಿ ನಿಶ್ಚಯವಾಗಿತ್ತು. ಸಂಕೋಚ ಕಳೆದುಕೊಳ್ಳಲು, ಮದುಮಗಳನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದುಬಿಟ್ಟೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಕೇರಳದ ಬತ್ತೇರಿಯಿಂದ ಬರುವ ಅವರ ನೆಂಟರು ನಮ್ಮ ಮನೆಯಲ್ಲೇ ಸ್ನಾನ ಮಾಡಲಿ ಎಂದೂ ಹೇಳಿದೆ. ಆಪಾ ಕಣ್ಣೊರೆಸಿಕೊಂಡರು.

ಮದುವೆಯ ಹಿಂದಿನ ಸಂಜೆ ಶಾಲೆಯಿಂದ ಬಂದು ಕಾರಿಗೆ ಕೇಬಲ್ ಸಿಕ್ಕಿಸಿ, ಚಾರ್ಜರಿಗೆ ಅದರ ಕಾರ್ಡ್ ತೋರಿಸಿದೆ. ಅದು ಕಾರ್ಡ್ ತೋರಿಸಿದರಷ್ಟೇ ಕೆಲಸ ಶುರು ಮಾಡುವ ಜಾತಿ. ಹಸಿರು ದೀಪ ಹತ್ತಿತು. ನಾನು ಮೆಹೆಂದಿ ಹಾಕಿಸಿಕೊಳ್ಳಲು ಆಪಾ ಮನೆಗೆ ಹೋದೆ. ಅಷ್ಟರಲ್ಲಿ ಬತ್ತೇರಿಯವರು ಬಂದರು, ಗೀಸರ್ ಹಾಕಿದರು, ಕರೆಂಟ್ ಹೋಯಿತು. ಯಜಮಾನರು ಮೇನ್ ಸ್ವಿಚ್ ಎತ್ತಿದರು, ಕರೆಂಟ್ ಬಂತು, ಎಲ್ಲರೂ ಬಿಸಿನೀರು ಹಾಕಿಕೊಂಡರು. ಆದರೆ ಚಾರ್ಜರಿಗೆ ಮತ್ತೆ ಕಾರ್ಡ್ ತೋರಿಸುವವರು ಯಾರು? ಕಾರ್ಡ್ ನನ್ನ ಬ್ಯಾಗಿನಲ್ಲಿ, ಬ್ಯಾಗು ಬೀರುವಿನಲ್ಲಿ, ನಾನು ಎರಡೂ ಕೈಗೆ ಮೆಹೆಂದಿ ಬಳಿದುಕೊಂಡು ಪಕ್ಕದ ಮನೆಯಲ್ಲಿ. ರಾತ್ರಿ ಬಂದವಳು ಚಾರ್ಜರಿನ ದೀಪದ ಕಡೆ ನೋಡದೆ ಮಲಗಿಬಿಟ್ಟೆ.

ಬೆಳಿಗ್ಗೆ ನೆಂಟರು ಕಾರಿಗೆ ಮಲ್ಲಿಗೆ, ಗುಲಾಬಿ ಹಾಕಿ ತೇರಿನಂತೆ ಮಾಡಿದ್ದರು. ಆಮೇಲೆ ಅವರೆಲ್ಲ ಬಸ್ಸಿನಲ್ಲಿ ಹೊರಟುಹೋಗಿದ್ದರು. ಸಲ್ಮಾ ಕೆಂಪು ಉಡುಪಿನಲ್ಲಿ ತಲೆತಗ್ಗಿಸಿ ಬಂದು ಹಿಂದಿನ ಸೀಟಿನಲ್ಲಿ ಕುಳಿತಳು, ಪಕ್ಕದಲ್ಲಿ ಆಪಾ. ನಾನು ಗತ್ತಿನಿಂದ ಬಟನ್ ಒತ್ತಿದೆ. ಬ್ಯಾಟರಿಯ ಗುರುತು ಕೆಂಪಗಿತ್ತು. ಗುಂಡ್ಲುಪೇಟೆ ಇರಲಿ, ಊರಿನ ಹೊರಗೆ ದಾಟುವುದೂ ಅನುಮಾನ.

ಆಪಾ ಏನಾಯಿತೆಂದು ಕೇಳಿದರು. ಇಷ್ಟು ದಿನ ಸುಮ್ಮನೆ ಸಹಿಸಿಕೊಂಡವರ ಮಗಳ ನಿಕಾಹ್‌ಗೆ ನಾನೇ ಅಡ್ಡ ನಿಂತಿದ್ದೆ. ಬೇರೆ ಕಾರು ಸಿಗುತ್ತದಾ ಎಂದು ನಾನು ಫೋನ್ ಮಾಡಿದ ಡ್ರೈವರುಗಳೆಲ್ಲ ಬೇರೆ ಮದುವೆಗಳಲ್ಲಿದ್ದರು.

ಯಜಮಾನರು ಹೋಗಿ ತಮ್ಮ ಅರಿಶಿನದ ಲಗೇಜ್ ಗಾಡಿ ತಂದರು. ಸೀಟಿಗೆ ಹೊಸ ಬೆಡ್‌ಶೀಟ್ ಹಾಸಿ ತಾಯಿ ಮಗಳನ್ನು ಮುಂದೆ ಕೂರಿಸಿಕೊಂಡರು. ಆದರೂ ಬಾಗಿಲು ಹಾಕಿದ ರಭಸಕ್ಕೆ ಒಳಗೆ ಹಳದಿ ಧೂಳು ಎದ್ದು ಸಲ್ಮಾಳ ಕೆನ್ನೆಗೆ ಕೂತಿತು. ನಾನು ಅಳುವ ಹಾಗಾದೆ. ಆಪಾ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ನಕ್ಕುಬಿಟ್ಟರು.

"ಮೊನ್ನೆ ತಾನೆ ಅರಿಶಿನ ಹಚ್ಚಿ ಮುಗಿಸಿದ್ವಿ. ಇನ್ನೊಂದ್ಸಲ ಆಯ್ತು ಬಿಡಿ ಟೀಚರಮ್ಮ, ಒಳ್ಳೇದೇ."

ಗಾಡಿ ಹೋಯಿತು. ನಾನು ಗೀಸರಿನ ಸ್ವಿಚ್ಚಿಗೆ ಟೇಪ್ ಸುತ್ತಿ, ಕಾರಿಗೆ ಚಾರ್ಜ್ ಹಾಕಿ, ಗುಂಡ್ಲುಪೇಟೆಗೆ ಸಾಕಾಗುವಷ್ಟು ತುಂಬಿದೊಡನೆ ಹೊರಟೆ. ಬ್ಯಾಟರಿ ಉಳಿಸಲು ಎ.ಸಿ. ಹಾಕದೆ, ಎತ್ತಿನಗಾಡಿಯ ವೇಗದಲ್ಲಿ, ಮೈತುಂಬ ಹೂ ಹೊತ್ತು, ಒಬ್ಬಳೇ. ದಾರಿಯುದ್ದಕ್ಕೂ ಜನ ಬಗ್ಗಿ ಬಗ್ಗಿ ಮದುಮಗಳನ್ನು ಹುಡುಕಿದರು. ಛತ್ರದ ಮುಂದೆ ನಿಂತಾಗ, ಹೂವಿನ ಕಾರಿನಲ್ಲಿ ಯಾರೋ ದೊಡ್ಡ ಅತಿಥಿ ಬಂದರೆಂದು ಗಂಡಿನ ಕಡೆಯ ಹೆಂಗಸರಿಬ್ಬರು ಓಡಿಬಂದು ಬಾಗಿಲು ತೆರೆದು ಪನ್ನೀರು ಚಿಮುಕಿಸಿದರು. ಇಳಿದವಳು ಬೆವರಿನಲ್ಲಿ ತೊಯ್ದ ನಾನು. ನಿಕಾಹ್ ಆಗಲೇ ಮುಗಿದು ಖರ್ಜೂರವನ್ನೂ ಹಂಚಿಯಾಗಿತ್ತು.

ವಾಪಸ್ ಹೋಗಲು ಚಾರ್ಜ್ ಬೇಕಲ್ಲ. ಛತ್ರದ ಕಾವಲುಗಾರನನ್ನು ಕೇಳಿದೆ. ನೀರಿನ ಮೋಟಾರಿನ ಪ್ಲಗ್ ಇದೆ, ಟ್ಯಾಂಕ್ ತುಂಬಿದೆ, ಅದನ್ನು ತೆಗೆದು ಹಾಕಿಕೊಳ್ಳಿ ಎಂದ. ಕಾರಿನ ಜೊತೆ ಬಂದಿದ್ದ ಆ ವೈರನ್ನು ಮೊದಲ ಸಲ ಹೊರತೆಗೆದು ಸಿಕ್ಕಿಸಿದೆ. ಕಾರು ತಕರಾರಿಲ್ಲದೆ ಚಾರ್ಜ್ ಆಗತೊಡಗಿತು. ಮನೆಯಲ್ಲೂ ಇಷ್ಟೇ ಸಾಕಿತ್ತಲ್ಲ ಎಂದು ಯಜಮಾನರ ಮುಖ ಹೇಳುತ್ತಿತ್ತು. ನಾನು ಬೇರೆ ಕಡೆ ನೋಡಿದೆ.

ಮೊದಲ ಪಂಕ್ತಿ ಬಿರಿಯಾನಿ ಮುಗಿಸಿ ಎದ್ದಾಗ ಟ್ಯಾಂಕ್ ಬರಿದಾಯಿತು. ಕಾವಲುಗಾರ ಮೋಟಾರ್ ಹಾಕಲು ಓಡಿದ. ನಾನೂ ಹಿಂದೆಯೇ ಓಡಿದೆ. ಹಳೆಯ ಸಡಿಲ ಪ್ಲಗ್ಗು ಕಾದು ಕರಗಿ, ನನ್ನ ವೈರಿನ ತಲೆಯನ್ನು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಫ್ಯೂಸ್ ತೆಗೆದು ಎಳೆದಾಡಿದರೂ ಬಿಡಲಿಲ್ಲ. ಆ ಕಡೆ ಎಣ್ಣೆಗೈ ಎತ್ತಿಹಿಡಿದ ಬೀಗರ ಸಾಲು ಬೆಳೆಯುತ್ತಿತ್ತು.

ಅಡುಗೆಮನೆಯ ಡ್ರಮ್ಮಿನಲ್ಲಿ ನೀರಿತ್ತು. ಬಕೆಟ್ಟಿಗೆ ತುಂಬಿಕೊಂಡು, ಸೆರಗು ಸಿಕ್ಕಿಸಿ, ಒಂದು ಚೊಂಬು ಹಿಡಿದು ಸಾಲಿನ ಮುಂದೆ ನಿಂತೆ. ಒಬ್ಬೊಬ್ಬರಾಗಿ ಕೈ ಚಾಚಿದರು. ನಾನು ನೀರು ಹಾಕಿದೆ. ಎರಡನೇ ಪಂಕ್ತಿಗೂ ಹಾಕಿದೆ. ಗಂಡಿನ ಕಡೆಯ ಹಿರಿಯರೊಬ್ಬರು ನಿಧಾನವಾಗಿ ಕೈ ತೊಳೆದು, ಗಡ್ಡ ಒರೆಸಿಕೊಂಡು ನನ್ನನ್ನೇ ನೋಡಿದರು.

"ಎಷ್ಟು ನೀಟಾಗಿ ಹಾಕ್ತೀಯಮ್ಮ. ಈಗಿನ ಕೆಲ್ಸದವ್ರಲ್ಲಿ ಇಂಥ ಮರ್ಯಾದೆ ಎಲ್ಲದೆ?" ಎಂದು ನನ್ನ ಕೈಯಲ್ಲೊಂದು ನೋಟು ಇಟ್ಟರು.

ನಾನು ಕೆಲಸದವಳಲ್ಲ ಎನ್ನಬಹುದಿತ್ತು. ಆದರೆ ಮತ್ತೇಕೆ ನೀರು ಹಾಕುತ್ತಿದ್ದೀಯೆ ಎಂದು ಕೇಳಿದರೆ ವಿವರಿಸಬೇಕಾಗುತ್ತಿತ್ತು. ನೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನವರು ಬನ್ನಿ ಎಂದೆ.