ಅಂಜುಬುರುಕ ಮಾಮುವಿನ ಮೆಣಸಿನಕಾಯಿ ಪಾಠ

ನನ್ನ ಮಾಮು ಹೆದರದೆ ಇರುವ ವಸ್ತು ಈ ಭೂಮಿಯ ಮೇಲೆ ಒಂದೇ ಒಂದು: ಬ್ಯಾಡಗಿ ಮೆಣಸಿನಕಾಯಿ! ಮಿಕ್ಕ ಎಲ್ಲದಕ್ಕೂ ಹೆದರುತ್ತಾರೆ. ನಾಯಿಗೆ ಹೆದರುವವರು ಓಣಿಗೊಬ್ಬರು ಸಿಗುತ್ತಾರೆ, ಬಿಡಿ. ಪ್ರೆಶರ್ ಕುಕ್ಕರಿಗೆ ಹೆದರಿ, ಮೂರನೆಯ ಸೀಟಿ ಆಗುವವರೆಗೂ ಅಂಗಳದಲ್ಲಿ ನಿಲ್ಲುವ ನಲವತ್ತೈದರ ಗಂಡಸನ್ನು ಎಲ್ಲಾದರೂ ಕಂಡಿದ್ದೀರಾ? ಅವರೇ ನನ್ನ ಅಮ್ಮನ ಒಬ್ಬನೇ ತಮ್ಮ. ನಮ್ಮ ಮನೆಯ ಮಾತು ಉರ್ದು. ಆದರೆ ಭಯವಾದರೆ ಮಾಮುವಿನ ಬಾಯಿಗೆ ಕನ್ನಡವೇ ಬರುತ್ತದೆ. ಹಾಗಾಗಿ ಅವರು ದಿನವಿಡೀ ಕನ್ನಡವನ್ನೇ ಮಾತಾಡುತ್ತಾರೆ!

ಕಸುಬು ಅಂಗಡಿಗಳ ಬೋರ್ಡ್ ಬರೆಯುವುದು, ಭಯ ಏಣಿಯದು. ಪರಿಣಾಮವಾಗಿ ಬ್ಯಾಡಗಿ ಪೇಟೆಯಲ್ಲಿ ಅವರು ಬರೆದ ಹೆಸರುಗಳೆಲ್ಲ ಸೊಂಟದ ಮಟ್ಟದಲ್ಲೇ ಇದ್ದವು. ಗಿರಾಕಿಗಳು ಬಗ್ಗಿ ಓದುತ್ತಿದ್ದರು, ಆಡುಗಳು ಬಂದು ಮೈ ಉಜ್ಜುತ್ತಿದ್ದವು. ಕಿರಾಣಿ ಅಂಗಡಿಯವರೊಬ್ಬರು ಒಂದು ದಿನ ಕೇಳಿಯೇ ಬಿಟ್ಟರು:

“ಪೇಂಟರ್ ಸಾಹೇಬ್ರ, ನಮ್ಮ ಅಂಗಡಿ ಹೆಸರು ಆಡು ಓದಬೇಕೇನ್ರಿ?”

“ಓದಲಿ ಬಿಡ್ರಿ! ನಾ ಏಣಿ ಮ್ಯಾಲಿಂದ ಬಿದ್ರ ನಿಮ್ಮ ಬಾಗಲಾ ಮುಂದ ಹೆಣ ಬೀಳತೈತಿ. ಅದು ಚಲೋ ಏನ್ರಿ?”

ಆಮೇಲೆ ಫ್ಲೆಕ್ಸ್ ಬಂತು, ಬೋರ್ಡಿನ ಕಸುಬನ್ನು ನುಂಗಿತು. ಮಾಮು ಆ ವಯಸ್ಸಿನಲ್ಲಿ ಹಾವೇರಿಗೆ ಬಸ್ಸು ಹತ್ತಿ ಡ್ರಾಯಿಂಗ್ ಮಾಸ್ತರ್ ಆಗುವ ಕೋರ್ಸಿಗೆ ಸೇರಿದರು. ಜೊತೆಯವರೆಲ್ಲ ಮೀಸೆ ಈಗಷ್ಟೇ ಮೊಳೆತವರು. ಇವರನ್ನು ‘ಚಾಚಾ’ ಎನ್ನುತ್ತಿದ್ದರು. ಕೋರ್ಸಿನ ಕೊನೆಗೊಂದು ಪರೀಕ್ಷೆ. ನಿಜವಾದ ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು, ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕುಳಿತಿರುತ್ತಾರೆ. ಯಾವ ಶಾಲೆ ಎಂಬುದು ಚೀಟಿಯಲ್ಲಿ. ಮಾಮು ಎತ್ತಿದ ಚೀಟಿಯಲ್ಲಿ ಬಂದದ್ದು ರಾಣೆಬೆನ್ನೂರಿನ ಅಂಧ ಮಕ್ಕಳ ಶಾಲೆ!

ನಾನಿರುವುದೂ ರಾಣೆಬೆನ್ನೂರಿನಲ್ಲೇ. ಮಾಮು ಬಸ್ಸಿಳಿದವರೇ ನೇರ ನಮ್ಮ ಮನೆಗೆ ಬಂದರು. ಮುಖ ಸುಣ್ಣದ ಗೋಡೆಯಾಗಿತ್ತು.

“ಕಣ್ಣು ಕಾಣದ ಮಕ್ಕಳಿಗೆ ನಾ ಏನ್ ಚಿತ್ರ ಕಲಸ್ಲಿ ಬೇಟಾ?”

“ನಿಮ್ಮ ಕುದುರಿ ಚಿತ್ರ ಕತ್ತೆ ಹಂಗ ಕಾಣತೈತಿ ಅಂತ ಈ ಸಲ ಯಾರೂ ಅನ್ನಂಗಿಲ್ಲಲ್ರಿ ಮಾಮು!”

“ನಗಬ್ಯಾಡ. ಕಣ್ಣಿಗೆ ಬಣ್ಣ ಬಳದು ಸುಳ್ಳು ಹೇಳಬಹುದು. ಬೆರಳಿಗೆ ಹೆಂಗ ಹೇಳ್ಲಿ?”

ನನ್ನ ನಗೆ ಅಲ್ಲಿಗೇ ನಿಂತಿತು.

ಮರುದಿನ ಮಾಮು ನನ್ನ ದುಪಟ್ಟಾದಿಂದ ಕಣ್ಣು ಕಟ್ಟಿಕೊಂಡು ಅಡುಗೆಮನೆಯಲ್ಲಿ ಅಭ್ಯಾಸಕ್ಕೆ ಕುಳಿತರು. ನಾನು ಕೈಗೆ ಕೊಟ್ಟದ್ದನ್ನು ಮುಟ್ಟಿ ಏನೆಂದು ಹೇಳಬೇಕು. ಲಟ್ಟಣಿಗೆ, ಜರಡಿ, ಉಪ್ಪಿನ ಭರಣಿಯವರೆಗೆ ಎಲ್ಲವೂ ಸುಸೂತ್ರ. ಅಷ್ಟರಲ್ಲಿ ನಾನು ಒಲೆಯ ಮೇಲಿಟ್ಟು ಮರೆತೇಬಿಟ್ಟಿದ್ದ ಕುಕ್ಕರ್ ಕೂಗಿತು ನೋಡಿ! ಮಾಮು ಕಣ್ಣುಪಟ್ಟಿಯೊಂದಿಗೇ ಹೊರಗೆ ಓಡಿ, ಪಕ್ಕದ ಮನೆಯವರ ಅಂಗಳದಲ್ಲಿ ಏನನ್ನೋ ಗಟ್ಟಿಯಾಗಿ ತಬ್ಬಿಕೊಂಡರು.

“ಅದೇನಂತ ಹೇಳ್ರಿ ನೋಡೂಣು?” ಎಂದೆ ಬಾಗಿಲಿನಿಂದಲೇ.

ಮಾಮು ಬೆನ್ನು ತಡವಿದರು, ಕೋಡು ಹಿಡಿದರು. “ಎಮ್ಮಿ! ಖರೇನ ಎಮ್ಮಿ! ನನ್ನ ಬೆರಳು ಎಮ್ಮೀನ್ನ ನೋಡಿದ್ವು ಬೇಟಾ!”

ಎಮ್ಮೆಗೆ ಏನನ್ನಿಸಿತೋ ಗೊತ್ತಿಲ್ಲ. ಮಾಮುವಿಗೆ ಮಾತ್ರ ಪಾಠ ಹೊಳೆದಿತ್ತು. ಚಿತ್ರ ಉಬ್ಬಿರಬೇಕು, ಬೆರಳಿಗೆ ಸಿಗಬೇಕು! ರಟ್ಟು, ಸುತಳಿ, ಬಟ್ಟೆಯ ಚೂರು, ಗೋಂದು ತಂದು ರಟ್ಟಿಗೊಂದರಂತೆ ಮೆಣಸಿನ ಗಿಡ ಮಾಡಲು ಕುಳಿತರು. ಸುತಳಿ ಕಾಂಡವಾಯಿತು, ಬಟ್ಟೆ ಎಲೆಯಾಯಿತು. ಕಾಯಿಗೆ? ಊರಿಂದ ತಂದ ಒಣ ಮೆಣಸಿನಕಾಯಿಯನ್ನೇ ಉದ್ದಕ್ಕೆ ಸೀಳಿ, ಬೀಜಸಮೇತ ಅಂಟಿಸಿದರು.

“ಖಾರ ಹತ್ತಂಗಿಲ್ಲೇನ್ರಿ ಮಾಮು?”

“ಏ, ನಮ್ಮ ಕಾಯಿ ಬಣ್ಣಕ್ಕ ಹೆಸರಾಗೇತಿ, ಖಾರಕ್ಕಲ್ಲ. ಇಷ್ಟು ವರ್ಷ ಮುಟ್ಟೇನಿ, ನನ್ನ ಕೈ ಎಂದರ ಉರದೈತೇನು?”

ಹೇಗೆ ಉರಿದೀತು? ಅಜ್ಜಿ ರಾಶಿಯ ಮುಂದೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಾಗ, ಆ ರಾಶಿಯ ಪಕ್ಕದಲ್ಲೇ ಅಂಬೆಗಾಲಿಟ್ಟ ಕೈ ಅದು. ಎಲ್ಲದಕ್ಕೂ ಹೆದರುವ ಮನುಷ್ಯ ಹೆದರಬೇಕಾದದ್ದಕ್ಕೇ ಹೆದರಲಿಲ್ಲ. ನಾನೂ ಅದೇ ಮನೆಯ ಮೊಮ್ಮಗಳಲ್ಲವೆ, ಹೌದೆಂದು ತಲೆಯಾಡಿಸಿದೆ.

ಪಾಠದ ದಿನ ರಟ್ಟುಗಳನ್ನು ಹೊರುವ ನೆಪದಲ್ಲಿ ಮಾಮುವನ್ನು ಹಿಡಿದುಕೊಳ್ಳಲು ನಾನೂ ಹೋದೆ. ಒಂಬತ್ತು ಮಕ್ಕಳು. ಮುಂದಿನ ಸಾಲಿನಲ್ಲಿ ಐರಣಿ ಎಂಬ ಹಳ್ಳಿಯ ಹುಡುಗಿ, ಹನ್ನೊಂದು ವರ್ಷದವಳು. ಶಾಲೆಯ ಟೀಚರ್ ಮೊದಲೇ ಹೇಳಿದ್ದರು: “ಈಕಿಗೆ ಬೆಳಕು ಯಾವುದು, ಕತ್ತಲಿ ಯಾವುದು ಅಷ್ಟು ತಿಳೀತೈತ್ರಿ. ಅದನ್ನ ಭಾಳ ಜೋಪಾನ ಮಾಡ್ತಾಳ.”

ಪರೀಕ್ಷಕರು ನೋಡುತ್ತಿದ್ದಂತೆ ಮಾಮು ಮೇಜಿನ ಅಂಚು ಬಿಡದೆ ನನ್ನ ಕೈಯಿಂದಲೇ ರಟ್ಟುಗಳನ್ನು ಹಂಚಿಸಿದರು. ಆದರೆ ಮಕ್ಕಳ ಬೆರಳು ರಟ್ಟಿನ ಮೇಲೆ ಓಡಿದ್ದೇ ತಡ, ಕೋಣೆಯೇ ಬದಲಾಯಿತು.

“ಸರ್, ಇದು ನಮ್ಮ ಅಜ್ಜಿ ಗದ್ದ ಇದ್ದಂಗ ಸುಕ್ಕು ಸುಕ್ಕು ಐತ್ರಿ!” ಎಂದಳು ಐರಣಿಯ ಹುಡುಗಿ.

“ನನ್ನ ಗಿಡಕ್ಕ ನಾಕು ಕಾಯಿ! ನಿಂದಕ್ಕ ಎಷ್ಟಲೇ?” ಎಂದ ಪಕ್ಕದವನು.

ಮಾಮು ಹೆದರದೆ ನಿಂತಿದ್ದನ್ನು ನಾನು ಜೀವಮಾನದಲ್ಲಿ ಕಂಡದ್ದು ಆ ಹತ್ತು ನಿಮಿಷ. ಅಷ್ಟೇ. ಹುಡುಗಿ ಬೀಜಗಳನ್ನು ಒಂದೊಂದಾಗಿ ಎಣಿಸಿದಳು, ಸೀನಿದಳು, ಎರಡೂ ಕೈಯಿಂದ ಕಣ್ಣುಜ್ಜಿಕೊಂಡಳು.

ಆ ಚೀರಾಟ ಈಗಲೂ ನನ್ನ ಕಿವಿಯಲ್ಲಿದೆ.

“ಎಲ್ಲಾರೂ ಕೈ ಮ್ಯಾಲೆತ್ರಿ! ಯಾರೂ ಮುಖಾ ಮುಟ್ಟಬ್ಯಾಡ್ರಿ!” ಮಾಮು ಕೂಗಿದರು. ಎಂಟು ಮಕ್ಕಳು ಕೈ ಎತ್ತಿದರು. ಹಿಂದಿನ ಬೆಂಚಿನ ಪರೀಕ್ಷಕರೂ ಎರಡೂ ಕೈ ಎತ್ತಿದರು! ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ರಟ್ಟುಗಳನ್ನೆಲ್ಲ ಬಾಚಿ ಬಾಗಿಲಾಚೆ ಎಸೆದೆ. ಟೀಚರ್ ಉಳಿದ ಮಕ್ಕಳ ಕೈ ತೊಳೆಸಲು ಓಡಿದರು. ಮಾಮು ಹುಡುಗಿಯನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಹೋಗಿ, ತಮ್ಮ ಕೈಗೆ ಸೋಪು ತಿಕ್ಕಿ ತೊಳೆದು, ಅವಳ ಕಣ್ಣಿಗೆ ನೀರು ಬಿಟ್ಟರು. ಆಮೇಲೆ ಮೂವರೂ ಆಟೋ ಹತ್ತಿ ಕಣ್ಣಿನ ಆಸ್ಪತ್ರೆಗೆ.

“ಏನರ ತಿಳೀತೈತೇನವ್ವಾ ಕಣ್ಣಿಗೆ?” ಎಂದರು ಮಾಮು ದಾರಿಯಲ್ಲಿ.

“ಕಣ್ಣು ತಗ್ಯಾಕ ಬರವಲ್ದ್ರಿ ಸರ್. ಬರೇ ಉರಿ.”

ಕಣ್ಣಿನ ಡಾಕ್ಟರಬಾಯಿ ಅವಳನ್ನು ಒಳಗೆ ಕರೆದುಕೊಂಡರು. ನಾವು ಹೊರಗಿನ ಬೆಂಚಿನಲ್ಲಿ ಕುಳಿತೆವು. ಪರೀಕ್ಷಕರು ಏನು ಬರೆದುಕೊಂಡರೋ, ವರ್ಷ ಉಳಿಯಿತೋ ಹೋಯಿತೋ, ಮಾಮು ಒಂದು ಸಲವೂ ಆ ಮಾತೆತ್ತಲಿಲ್ಲ. ಅವರ ಹಲ್ಲು ಕಟಕಟ ಎನ್ನುತ್ತಿದ್ದವು.

“ಆಕಿ ಹತ್ರ ಇದ್ದದ್ದ ಅಷ್ಟು ಬೆಳಕು ಬೇಟಾ. ಚಿತ್ರ ತೋರಸ್ತೀನಂತ ಹೋಗಿ ಅದನ್ನೂ ನಾನ ಆರಿಸಿಬಿಟ್ಟಿದ್ರ?”

ನನ್ನ ಹಲ್ಲುಗಳೂ ಅದೇ ಸದ್ದು ಮಾಡುತ್ತಿದ್ದವು.

ಎಷ್ಟೋ ಹೊತ್ತಿನ ಮೇಲೆ ಡಾಕ್ಟರಬಾಯಿ ಬಾಗಿಲು ತೆರೆದರು. “ಗಾಯ ಆಗಿಲ್ಲ. ಉರಿ ಇಳದೈತಿ. ಬೆಳಕು ಮೊದಲಿನಷ್ಟ ತಿಳೀಬೇಕು. ಒಳಗ ಬರ್ರಿ, ಆಕೀನ್ನ ಕೇಳ್ರಿ.”

ಕೇಳುವುದು ಯಾರು? ಮಾಮು ಹೋಗಿ ಅವಳ ಕುರ್ಚಿಯ ಮುಂದೆ ನಿಂತರು. ಹುಡುಗಿ ಊದಿದ ರೆಪ್ಪೆಗಳನ್ನು ಮೆಲ್ಲಗೆ ಬಿಡಿಸಿದಳು. ಮುಖವನ್ನು ಆಚೆ ಈಚೆ ತಿರುಗಿಸಿದಳು.

“ಸರ್, ನೀವೇನ್ರಿ?”

“ಹೂಂ ಅವ್ವಾ.”

“ಸ್ವಲ್ಪ ಸರೀರಿ. ಕಿಟಕಿಗೆ ಅಡ್ಡ ನಿಂತೀರಿ.”

ಮಾಮು ತಿರುಗಿ ನೋಡಿದರು. ಅವರ ಬೆನ್ನ ಹಿಂದೆ ನಿಜಕ್ಕೂ ಕಿಟಕಿಯಿತ್ತು, ತುಂಬ ಬಿಸಿಲಿತ್ತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

“ಈಗ?”

“ಬಂತ್ರಿ.”

ಮತ್ತೆ ಅಡ್ಡ ಬಂದರು. “ಈಗ?”

“ಹೋತ್ರಿ.”

ಸರಿದರು. “ಈಗ?”

ಹುಡುಗಿ ನಗತೊಡಗಿದಳು. ಡಾಕ್ಟರಬಾಯಿ ಮುಂದಿನವರನ್ನು ಕರೆದರೂ ಮಾಮು ನಿಲ್ಲಿಸಲಿಲ್ಲ. ಗಡ್ಡದೊಳಗೆ ಕಣ್ಣೀರು ಇಳಿಸಿಕೊಳ್ಳುತ್ತ, ಕಿಟಕಿಯ ಮುಂದೆ ಆಚೆಗೊಂದು ಹೆಜ್ಜೆ, ಈಚೆಗೊಂದು ಹೆಜ್ಜೆ ಇಡುತ್ತ ಕೇಳುತ್ತಲೇ ಇದ್ದರು: “ಈಗ? ಈಗ ಅವ್ವಾ?”